ಹನ್ನೊಂದರಿಂದ ನಾಲ್ಕಕ್ಕೆ

ಸಾಸ್ಕಟೂನಿನ ಹಾಕಿ ತಂಡಕ್ಕೆ ಹೆಸರು ಹೊಲಿಯುವವಳು ನಾನು.
ಪ್ರತಿ ಜೂನ್‌ನಲ್ಲೂ ಹೊಲಿಗೆ ಮೆಷಿನ್ನು,
ಅಕ್ಷರಗಳ ತಗಡಿನ ಪೆಟ್ಟಿಗೆ
ನನ್ನ ಜೊತೆ ವಿಮಾನ ಹತ್ತುತ್ತವೆ.
ಎಸ್ ಎಷ್ಟಿದ್ದರೂ ಸಾಲದು, ಎನ್ ಕೂಡ.
ಕ್ಯೂ ಒಂದೇ ಇದೆ,
ಹದಿನೆಂಟು ವರ್ಷದಿಂದ ಹಾಗೇ ಇದೆ.

ಈ ಸಲದ ಡ್ರಾಫ್ಟ್ ಹ್ಯಾಲಿಫ್ಯಾಕ್ಸಿನಲ್ಲಿ.
ಕಿಟಕಿಯಾಚೆ ಬಂದರು, ಮಂಜಿನೊಳಗಿಂದ ಹಡಗಿನ ಕೂಗು.
ಹುಡುಗರನ್ನು ಆರಿಸಲು ನಮ್ಮ ಸರದಿ ಹನ್ನೊಂದನೆಯದು.
ಮ್ಯಾನೇಜರ್ ಹಾರ್ಗ್ರೀವ್‌ಗೆ ನಾಲ್ಕನೆಯದು ಬೇಕು,
ಅದೂ ಇವತ್ತೇ, ಎರಡು ದಿನ ಮುಂಚೆಯೇ.
"ಆ ದಿನ ಕೇಳಿದರೆ ಎಲ್ಲರೂ ಕೇಳುತ್ತಿರುತ್ತಾರೆ,
ಬಾಯಿಗೆ ಬಂದದ್ದೇ ಬೆಲೆ."

ಓರೆಸ್ಟ್, ನಮ್ಮ ಸ್ಕೌಟ್,
ಫ್ಲಿನ್ ಫ್ಲಾನ್ ಎಂಬ ಗಣಿಯೂರಿನ ರಿಂಕಿನಲ್ಲಿ
ಮೂರು ಚಳಿಗಾಲ ಕಾಲು ಮರಗಟ್ಟಿಸಿಕೊಂಡವನು,
ಕ್ರಾಸ್ನಿಟ್ಸ್ಕಿಯೇ ಬೇಕು ಎಂದವನು,
ಅವನೇ ಬೇಡ ಅಂದ:
"ನೀನು ಕೊಳ್ಳುತ್ತಿರುವುದು ಹುಡುಗನನ್ನಲ್ಲ, ಕುರ್ಚಿಯನ್ನು.
ನೀನು ಕೂರುವ ಹೊತ್ತಿಗೆ
ತಟ್ಟೆಯಲ್ಲಿ ಏನು ಉಳಿದಿರುತ್ತದೋ!
ತಾಳು. ಮೂರನೆಯವರು ಬಡಿಸಿಕೊಳ್ಳಲಿ.
ಆಗಲೂ ಅವನಿದ್ದರೆ ಫೋನು ಎತ್ತು.
ದುಬಾರಿಯಾದರೂ, ಕಣ್ಣಿಗೆ ಕಂಡದ್ದಕ್ಕೆ ಕೊಡೋಣ."

ಹಾರ್ಗ್ರೀವ್ ಫೋನು ಎತ್ತಿದ.
ಹನ್ನೊಂದು ಕೊಟ್ಟ.
ಬರುವ ವರ್ಷದ ಎರಡನೇ ಸುತ್ತಿನ ಸರದಿ ಕೊಟ್ಟ.
ಆಚೆಯವರು ಇನ್ನೂ ಸುಮ್ಮನಿದ್ದರು;
ಆನ್ಸೆಲ್ಮ್‌ನನ್ನೂ ಕೊಟ್ಟ.

ಆನ್ಸೆಲ್ಮ್, ಪಂದ್ಯಕ್ಕೊಂದು ಮೊಣಕೈ ಹರಿದುಕೊಂಡು ಬಂದು
ಹೊಲಿದು ಮುಗಿಯುವ ತನಕ ನನ್ನ ಪಕ್ಕ ಕೂತು
ಪದಬಂಧ ತುಂಬಿಸುತ್ತಿದ್ದ ಹುಡುಗ.
ಸುದ್ದಿ ತಿಳಿದದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಂತೆ,
ಬಾಯಿ ಅಗಲ ತೆರೆದಿದ್ದಾಗ.

ರಾತ್ರಿ ಹಾರ್ಗ್ರೀವ್ ನನ್ನ ಬಾಗಿಲು ತಟ್ಟಿದ:
"ಹೆಸರು ಹೊಲಿದುಬಿಡು."
ವೇದಿಕೆ ಹತ್ತಿದ ಹುಡುಗನಿಗೆ ಜರ್ಸಿ ತೊಡಿಸಿ
ತಲೆಗೊಂದು ಟೋಪಿ ಇಡುವುದು ನಮ್ಮಲ್ಲಿ ಪದ್ಧತಿ.
ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು
ಯಾರ್ಯಾರನ್ನೋ ಕಂಡು ನಕ್ಕವಳು
ಸೂಜಿಗೆ ದಾರ ಪೋಣಿಸಿದೆ.
ಹತ್ತು ಅಕ್ಷರ. ಭುಜದಿಂದ ಭುಜಕ್ಕೆ ಬಿಲ್ಲಿನಂತೆ ಬಾಗಿಸಿದೆ.
ಚೆನ್ನಾಗಿಯೇ ಬಂದಿತ್ತು, ಸುಳ್ಳೇಕೆ.

ಶುಕ್ರವಾರ ಸಂಜೆ
ಮೂರನೆಯವರು ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು
ಕ್ರಾಸ್ನಿಟ್ಸ್ಕಿ ಅಂದರು.

ಓರೆಸ್ಟ್ ಗೆದ್ದವನ ಮುಖ ಮಾಡಲಿಲ್ಲ.
ತನ್ನ ಮೂರು ಚಳಿಗಾಲ ಎದ್ದು ನಿಂತು, ಅಮ್ಮನನ್ನು ತಬ್ಬಿ,
ಬೇರೆಯವರ ಟೋಪಿ ಇಡಿಸಿಕೊಳ್ಳುವುದನ್ನು ನೋಡುತ್ತಿದ್ದ.
ಹಾರ್ಗ್ರೀವ್‌ನ ಬೆರಳು ಪಟ್ಟಿಯ ಮೇಲಿಂದ ಕೆಳಗೆ, ಮತ್ತೆ ಮೇಲೆ.
ಕೊನೆಗೆ ಅಂದ: ಓಸ್ಟ್ರಾವಾದ ಹುಡುಗ, ಶಿಷ್ಕಾ.

ವೇದಿಕೆಯ ಹಿಂದೆ ಬ್ಲೇಡು ಹಿಡಿದು ಕೂತೆ.
ಐದೇ ಅಕ್ಷರ, ಐದೂ ಹಳೆಯ ಹೆಸರಿನೊಳಗೇ ಇದ್ದವು.
ಎರಡು ಎಸ್‌ಗಳಿಗೆ ಮಾತ್ರ
ಅವರ ಭಾಷೆಯಲ್ಲಿ ತಲೆಯ ಮೇಲೊಂದು ಪುಟ್ಟ ಗುರುತಂತೆ;
ಬಿಚ್ಚಿದ ದಾರದಲ್ಲೇ ಹೊಲಿದೆ.
ಟೀವಿಯಲ್ಲಿ ಏನೂ ಕಾಣಲಿಲ್ಲ.
ಹುಡುಗನ ತಾಯಿ ಬೆನ್ನು ಸವರುತ್ತ
ಹೆಸರಿನ ಆಚೀಚೆ ಸಾಲುಗಟ್ಟಿದ ಸೂಜಿತೂತುಗಳ ಮೇಲೆ
ಬೆರಳು ನಿಲ್ಲಿಸಿದಳು.
ನನ್ನತ್ತ ನೋಡಿದಳು. ಏನೂ ಕೇಳಲಿಲ್ಲ.

ಶಿಷ್ಕಾ ಆಡುತ್ತಾನೆ, ಕೆಟ್ಟದಾಗೇನೂ ಅಲ್ಲ.
ಹಾಗಾದರೆ ಮೊದಲೇ ಕೊಂಡದ್ದು ಸರಿಯೇ ಎಂದು
ಬಸ್ ಸ್ಟಾಪಿನಲ್ಲೂ ಕೇಳುತ್ತಾರೆ ನಮ್ಮೂರಲ್ಲಿ.
ನನಗೇನು ಗೊತ್ತು, ನಾನು ಬೆನ್ನು ನೋಡುವವಳು.

ಮರುವರ್ಷ ಎರಡನೇ ಸುತ್ತಿನಲ್ಲಿ ನನಗೆ ಕೆಲಸವಿರಲಿಲ್ಲ.
ಪೆಟ್ಟಿಗೆಯ ಮೇಲೆ ಕೂತು ಉಪ್ಪಿನ ಸೌತೆ ಕಚ್ಚುತ್ತಿದ್ದಾಗ
ನಾವು ಮಾರಿದ ಸರದಿಗೆ ಹೆಸರು ಕೂಗಿದರು: ಕ್ವೆನೆಲ್.
ಹಿಂದಿನ ಜೂನಿನ ಆ ರಾತ್ರಿ
ಎಲ್ಲೋ ಗಣಿತದ ಪರೀಕ್ಷೆಗೆ ಓದುತ್ತಿದ್ದನೋ ಏನೋ.
ಪಕ್ಕದಲ್ಲಿ ಇನ್ನೊಬ್ಬಳ ಮೆಷಿನ್ನು ಗುರ್ರೆಂದಿತು.

ಸುಮ್ಮನೆ ಪೆಟ್ಟಿಗೆ ತೆರೆದೆ.
ಕ್ಯೂ ಇತ್ತು.