ನಲವತ್ತೇಳನೇ ಮನೆ

ಕೆಮ್ಮಣ್ಣು ಕಲಸಿ ಹೋದ ವಾರ ನಾನೇ ಕದದ ಮೇಲೆ ಬರೆದಿದ್ದೆ:
೪೭.
ಅದೂ ಒಂದು ದೇವರಿರಬೇಕೆಂದು
ಯಾರೋ ಹೂವಿಟ್ಟಿದ್ದರು.

ವಿಕ್ರಮ ಸಂವತ್ಸರ, ಮಾಘ ಬಹುಳ,
ಚಂದ್ರ ತಡವಾಗಿ ಹುಟ್ಟುವ ರಾತ್ರಿ.
ಅರಳೇಪೇಟೆಯ ಓಣಿ. ಕೈಯಲ್ಲಿ ಲಾಟೀನು,
ಕಂಕುಳಲ್ಲಿ ಸರ್ಕಾರದ ಪುಸ್ತಕ,
ಮಸಿಕುಡಿಕೆಯ ಹುಡುಗ ಹಿಂದೆ ಆಕಳಿಸುತ್ತ.
ನಾನು ಕೂಲಿಮಠದ ಐಗಳು;
ಇವತ್ತೊಂದು ರಾತ್ರಿ ಖಾನೇಷುಮಾರಿಯವನು.

'ಯಜಮಾನನ ಹೆಸರು?'
ಚೌಡಮ್ಮ ರಾಟೆ ತಿರುಗಿಸುತ್ತಲೇ ಇದ್ದಳು.
'ವಿಷ ಕುಡಿದೂ ಸಾಯದವನ ಹೆಸರು' ಎಂದಳು, ಗೋಡೆಗೆ.
ನಂಜುಂಡಪ್ಪ, ಬರೆದೆ.
ಒಳಗೆ ಮಗ್ಗದ ಕುಣಿಯಿಂದ
ಅವನು ಕೆಮ್ಮಿ ಒಪ್ಪಿಕೊಂಡ.

'ಹುಡುಗನಿಗೆ ಎಷ್ಟು?'
'ಧಾತು ಬರದಲ್ಲಿ ಇನ್ನೂ ಮೊಲೆ ಬಿಟ್ಟಿರಲಿಲ್ಲ.'
ಐದು, ಎಂದೆ. ಆರು, ಎಂದಳು ಅತ್ತೆ.
ಏಳು! ಎಂದು ಹುಡುಗನೇ ಕಂಬದ ಹಿಂದಿನಿಂದ.
ಆರು ಎಂದು ಬರೆದು ಮಸಿ ಊದಿದೆ.

'ಇನ್ನೊಬ್ಬಳಿದ್ದಳು,' ಎಂದಳು ಚೌಡಮ್ಮ.
ಲೇಖನಿ ಎತ್ತಿ ಹಿಡಿದೆ.
'ಈ ರಾತ್ರಿ ಇಲ್ಲಿ ಮಲಗುವವರು ಮಾತ್ರ, ತಾಯಿ.'
ಜಗಲಿಯ ಮೇಲೆ ಕಂಬಳಿ ಹೊದ್ದ ಹೊಸಕೋಟೆಯ ಬಳೆಗಾರ,
ಈ ಮನೆಗೆ ಏನೂ ಅಲ್ಲದವನು,
ಅವನನ್ನು ಎಬ್ಬಿಸಿ ಬರೆದುಕೊಂಡೆ.

ಕಸುಬು? ನೇಯ್ಗೆ.
'ನಿನ್ನದು?'
ಅವಳಿಗೆ ನಾನು ಯಾರನ್ನು ಕೇಳುತ್ತಿದ್ದೇನೆಂದು ತಿಳಿಯಲಿಲ್ಲ.
ನೂಲು ಬೆರಳ ಸಂದಿಯಿಂದ ಕಂಡಿಕೆಗೆ ಹರಿಯುತ್ತಿತ್ತು.
'ಅವಳಿಗೇನು ಕೆಲಸ,' ಎಂದಳು ಅತ್ತೆ, 'ಮನೇಲೇ ಇರ್ತಾಳೆ.'
ಇನ್ನೂ ಹದಿಮೂರು ಮನೆ ಬಾಕಿ.
ಒಂದು ಅಡ್ಡಗೆರೆ ಎಳೆದೆ.
ರಾಟೆ ನಿಲ್ಲಲಿಲ್ಲ.

ತಲೆಗಳನ್ನೆಲ್ಲ ಕೂಡಿಸಿ
ಮೊತ್ತ ತೆಗೆದುಕೊಂಡ ಮೇಲೆ
ಹಾಳೆಗಳನ್ನು ರದ್ದಿಗೆ ಹಾಕಿದರಂತೆ.
ಮೂರು ವರ್ಷದ ನಂತರ, ಮಠದ ಮಕ್ಕಳಿಗೆಂದು ಕೊಂಡ
ಚಕ್ಕುಲಿಯ ಪೊಟ್ಟಣ ಬಿಚ್ಚಿದರೆ
ನನ್ನದೇ ಅಕ್ಷರ.
ನಂಜುಂಡಪ್ಪನ ಮೇಲೆ ಎಳ್ಳು ಅಂಟಿತ್ತು.
ಬಳೆಗಾರ ಅರ್ಧಕ್ಕೆ ಹರಿದಿದ್ದ.

ಮಕ್ಕಳು ಹೋದ ಮೇಲೆ ಕಾಗದವನ್ನು ತೊಡೆಯ ಮೇಲೆ ಸವರಿ
ಗೆರೆಯ ತಲೆಯ ಮೇಲೆ ಸಣ್ಣಗೆ ಬರೆಯಹೋದೆ:
ಕಂಡಿಕೆ ಸುತ್ತುವುದು.
ಕೆಳಗೆ ಆ ಇನ್ನೊಬ್ಬಳನ್ನೂ ಸೇರಿಸೋಣವೆಂದರೆ
ಹೆಸರು ಕೇಳಿರಲಿಲ್ಲ ನಾನು.

ಎಣ್ಣೆ ಕುಡಿದ ಕಾಗದ.
ಮಸಿ ಹನಿಹನಿಯಾಗಿ ನಿಂತು
ಪಂಚೆಯ ಮೇಲೆ ಜಾರಿತು.