ತೊಂಬತ್ತಾರು ಕುಣಿಕೆ

ಲೂನೆನ್‌ಬರ್ಗಿನ ಇಳಿಜಾರು ಬೀದಿಯಲ್ಲಿ
ಕೆಳಗೆ ಹಗ್ಗ ಲಂಗರಿನ ಅಂಗಡಿ, ಮೇಲೆ ನನ್ನ ಕಚೇರಿ.
ಬಾಗಿಲ ಗಾಜಿನ ಮೇಲೆ ಬರೆಸಿದ 'ಹಣಕಾಸು ಸಲಹೆಗಾರ'
ಉಪ್ಪುಗಾಳಿಗೆ ಅಲ್ಲಲ್ಲಿ ಉದುರಿದೆ. ಮತ್ತೆ ಬರೆಸಿಲ್ಲ.

ಇ.ಟಿ.ಎಫ್. ಬಗ್ಗೆ ನನಗೆ ಗೊತ್ತಿತ್ತು.
ಗೊತ್ತಿತ್ತು ಅಂದರೆ, ಹ್ಯಾಲಿಫ್ಯಾಕ್ಸಿನ ಹೋಟೆಲೊಂದರಲ್ಲಿ
ಒಂದು ಮಂಗಳವಾರ ಮಧ್ಯಾಹ್ನ
ನಲವತ್ತೆರಡು ಸ್ಲೈಡು ನೋಡಿದ್ದೆ;
ಮೂವತ್ತನೆಯದರ ಹೊತ್ತಿಗೆ ಬ್ಲೂಬೆರಿ ಮಫಿನ್ ಬಂತು.
ಕೊನೆಗೆ ಇಪ್ಪತ್ತು ಪ್ರಶ್ನೆ, ಟಿಕ್ಕು ಹಾಕುವಂಥವು.
ಹದಿನೇಳು ಸರಿ. ಪ್ರಮಾಣಪತ್ರ ಗೋಡೆಯ ಮೇಲಿದೆ.
ತಪ್ಪಾದ ಮೂರು ಯಾವುವೆಂದು
ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಬಂದವರಿಗೆಲ್ಲ ಬುಟ್ಟಿ ಎನ್ನುತ್ತಿದ್ದೆ.
"ಒಂದೇ ಬುಟ್ಟಿ, ಒಳಗೆ ಐನೂರು ಕಂಪನಿ,
ಷೇರಿನ ಹಾಗೆ ಯಾವಾಗ ಬೇಕಾದರೂ ಮಾರಬಹುದು."
ಬುಟ್ಟಿ ಎಂದರೆ ಜನ ತಲೆಯಾಡಿಸುತ್ತಾರೆ.
ಅವರು ಆಡಿಸಿದರೆಂದು ನಾನೂ ಆಡಿಸುತ್ತೇನೆ.
ಹೀಗೆ ಹನ್ನೊಂದು ವರ್ಷ.

ನವೆಂಬರಿನಲ್ಲಿ ಹುಲ್ಡಾ ನಿಕಲ್ ಬಂದರು.
ಗಂಡನ ಮೀನುಗಾರಿಕೆ ಪರವಾನಗಿ ಮಾರಿದ ದುಡ್ಡು,
ಕೈಯಲ್ಲಿ ಅರ್ಧ ಹೆಣೆದ ಸ್ವೆಟರು.
ಎರಡರಷ್ಟು ಕೊಡುವುದೊಂದು ಇದೆಯಂತಲ್ಲ, ಅಂದರು.
"ಇದೆ. ಸೂಚ್ಯಂಕ ಒಂದು ಏರಿದರೆ ಇದು ಎರಡು."
"ಇಳಿದರೆ?"
"ಎರಡು ಇಳಿಯುತ್ತದೆ. ತಡೆದು ಕೂತರೆ ಎಲ್ಲ ಸರಿಹೋಗುತ್ತದೆ."
ಹಾಗೆಂದು ಯಾವ ಸ್ಲೈಡಿನಲ್ಲೂ ಇರಲಿಲ್ಲ.
ಬಾಯಿಗೆ ತಾನಾಗಿ ಬಂತು, ಬೆಣ್ಣೆ ಜಾರಿದ ಹಾಗೆ.

ಅವರ ಕಡ್ಡಿಗಳು ನಿಲ್ಲಲಿಲ್ಲ.
"ನೂರು ಕುಣಿಕೆ ಹಾಕಿದೆ ಅನ್ನು.
ಹತ್ತರಲ್ಲೊಂದು ಇಳಿಸಿದೆ, ತೊಂಬತ್ತು.
ಮರುಸಾಲಿನಲ್ಲಿ ಹತ್ತಕ್ಕೊಂದು ಏರಿಸಿದೆ, ತೊಂಬತ್ತೊಂಬತ್ತು.
ಒಂದು ಹೋಯಿತು. ಹೋಗಲಿ, ತೋಳಿನಲ್ಲಿ ಗೊತ್ತಾಗುವುದಿಲ್ಲ.
ಈಗ ನಿನ್ನದು. ಹತ್ತರಲ್ಲೆರಡು ಇಳಿಸು, ಎಂಬತ್ತು.
ಹತ್ತಕ್ಕೆರಡು ಏರಿಸು."
ಕಾದರು.
"ತೊಂಬತ್ತಾರು," ಎಂದೆ, ಮಗ್ಗಿ ಒಪ್ಪಿಸುವ ಹುಡುಗನಂತೆ.
"ಎರಡಲ್ಲ, ನಾಲ್ಕು ಹೋಯಿತು.
ದಿನಾ ಹೀಗೇ ಏರಿಳಿದರೆ, ಚಳಿ ಮುಗಿಯುವಷ್ಟರಲ್ಲಿ
ಈ ಸ್ವೆಟರಿನೊಳಗೆ ಯಾರ ಕೈ ತೂರುತ್ತದಪ್ಪ?"

ನಾನು ಕಂಪ್ಯೂಟರಿನ ಕಡೆ ತಿರುಗಿದೆ.
ನೋಡುವುದಕ್ಕೇನೂ ಇರಲಿಲ್ಲ, ತಿರುಗಿದೆ.
ವಿವರಪತ್ರದ ಆರನೇ ಪುಟದಲ್ಲಿ ಆ ಪದ ಇತ್ತು: ದೈನಂದಿನ.
ಅದನ್ನು ಓದಿದ್ದೆ.
ಬೆಲ್ಲ ಎಂದು ಬರೆದ ಕಾಗದ ನೆಕ್ಕಿದವನಂತೆ ಓದಿದ್ದೆ.

ಸಾದಾ ಬುಟ್ಟಿಯೇ ಸಾಕು, ಅದೂ ಅರ್ಧ ದುಡ್ಡಿಗೆ,
ಎಂದು ಸಹಿ ಹಾಕಿ ಎದ್ದರು.
ಬಾಗಿಲಲ್ಲಿ ನಿಂತು ಇನ್ನೊಂದು ಕೇಳಿದರು:
"ನಾನು ಮಾರುವ ದಿನ ಎಲ್ಲರೂ ಮಾರುತ್ತಿದ್ದರೆ
ಕೊಳ್ಳುವವರು ಯಾರು?"
"ಯಾರೋ ಇರುತ್ತಾರೆ," ಎಂದೆ.
ಅವರು ತಲೆಯಾಡಿಸಲಿಲ್ಲ.

ರಾತ್ರಿ ಕಪಾಟಿನ ಕಡತ ತೆಗೆದೆ.
ಆ ಎರಡರಷ್ಟರದ್ದನ್ನು ನಾನೇ ಕೊಡಿಸಿದವರು ಒಂಬತ್ತು ಮಂದಿ.
ಮೊದಲ ಹೆಸರು ಗಾರ್ನೆಟ್, ಚಿಕ್ಕಮ್ಮನ ಮಗ,
ಲಾಬ್‌ಸ್ಟರ್ ಹಿಡಿಯುವವನು, ನಾಲ್ಕಕ್ಕೇ ಏಳುತ್ತಾನೆ.
ನಾಲ್ಕರವರೆಗೆ ಕೂತಿದ್ದು ಫೋನ್ ಮಾಡಿದೆ.
"ಯಾರು ಹೋದರು?" ಎಂದ. ಹಿಂದೆ ಎಂಜಿನ್ನಿನ ಗುಡುಗುಡು.
"ಯಾರೂ ಇಲ್ಲ. ಹತ್ತಿರ ಪೆನ್ಸಿಲ್ ಇದೆಯಾ?
ನೂರು ಅಂತ ಬರಿ."