ಬಿಚ್ಚುವ ಮುನ್ನ

ಕ್ಯಾಂಟೀನಿನ ಹಿಂದೆ ಹೊಂಗೆಯಡಿ ಸಿಮೆಂಟು ಬೆಂಚು,
ನಾಲ್ವರು ನಾವು, ಎರಡು ಪ್ಲೇಟು ಚಿತ್ರಾನ್ನ,
ನಡುವೆ ಒಂದು ಸಿಕೇಚರು:
ಗಿಡದ ಕೊಂಬೆ ತರಿಯುವ ಕೈಗತ್ತರಿ.
ಎರಡನೇ ಸೆಮಿಸ್ಟರಿನ ಪ್ರಾಜೆಕ್ಟು.
ಬಿಚ್ಚಬೇಕು, ಅಳೆಯಬೇಕು,
ತುಂಡು ತುಂಡಿಗೂ ಹೆಸರಿಟ್ಟು ನಂಬರು ಕೊಡಬೇಕು.

ಹೊಸದಕ್ಕೆ ಎಸ್.ಪಿ. ರೋಡಿನಲ್ಲಿ ನಾನೂರೈವತ್ತು,
ತಲೆಗೆ ನೂರಾ ಹನ್ನೆರಡೂವರೆ.
ಆ ಅರ್ಧ ರೂಪಾಯಿಯ ಜಗಳದಲ್ಲೇ
ಮುಗಿದಿತ್ತು ಮೊದಲ ಮೀಟಿಂಗು.
ಆಮೇಲೆ ಸುಹಾನಾ ಹೋಗಿ
ಕಾಲೇಜು ತೋಟದ ಅಕ್ಕಯ್ಯಮ್ಮನನ್ನು ಕೇಳಿದಳು.
ಇವತ್ತು ಶನಿವಾರ, ಅವರ ಊಟ ಮುಗಿಯುವವರೆಗೆ, ನೋಡಲಿಕ್ಕೆ.
ನಾಳೆ ಒಂದೇ ದಿನ, ಬಿಚ್ಚಲಿಕ್ಕೆ.
"ಸೋಮವಾರ ಕಮಿಟಿ ಬತ್ತದಂತೆ,
ಕ್ರೋಟನ್ನೆಲ್ಲ ಒಂದೇ ಎತ್ತರ ಇರ್ಬೇಕಂತೆ."

ತಿಪ್ಪೇಶ ಬಿಚ್ಚುವುದು: ಅವನಪ್ಪನಿಗೆ ಪೀಣ್ಯದಲ್ಲಿ ಲೇತು,
ಹುಟ್ಟುತ್ತಲೇ ಸ್ಪ್ಯಾನರು ಹಿಡಿದಿದ್ದೆ ಅನ್ನುತ್ತಾನೆ.
ಸುಹಾನಾ ವರ್ನಿಯರು. ಜೋಯಲ್ ಡ್ರಾಯಿಂಗು.
ನನ್ನ ಅಕ್ಷರ ದುಂಡಗಿದೆ, ಆದ್ದರಿಂದ ಬರೆಯುವುದು.
ಯಾವಾಗಲೂ ಬರೆಯುವುದು.

ಗೆರೆ ಎಳೆದು ಶುರು ಮಾಡಿದೆ.
ಒಂದು, ಮೇಲಲಗು. ಎರಡು, ಕೆಳಗಿನ ಕೊಕ್ಕೆ.
ಮೂರು, ನಡುವಿನ ಬೋಲ್ಟು. ನಾಲ್ಕು, ಅದರ ನಟ್ಟು.
ಐದಕ್ಕೆ ತಡೆದೆ.
ಒಂದು ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ,
ಅದರ ಮೇಲೆ ಯಾವುದೋ ನೀಲಿ ಸೀರೆಯ ಅಂಚು.
ವಸ್ತು: ರಬ್ಬರು, ನೂಲು, ಬೆವರು.
"ಬೆವರು ಹೊಡೆದು ಹಾಕು," ಎಂದ ಜೋಯಲ್, "ಮಾರ್ಕ್ಸ್ ಕಟ್ಟು."

ಆರು, ಸ್ಪ್ರಿಂಗು. ತಿಪ್ಪೇಶ ಕಣ್ಣಿಗೆ ಹತ್ತಿರ ಹಿಡಿದ.
ಇದು ಇದರದ್ದಲ್ಲ ಕಣ್ರೋ.
"ನಮ್ಮ ಯಜಮಾನ್ರ ಲೂನಾದು,"
ಆಚೆ ಹುಲ್ಲಿನ ಮೇಲಿಂದ, ಮುದ್ದೆ ಮುರಿಯುತ್ತ, ಅಕ್ಕಯ್ಯಮ್ಮ.
"ಗಾಡಿ ಗುಜರಿಗೆ ಹೋಯ್ತು. ಇದೊಂದು ನಾನು ಇಸ್ಕೊಂಡೆ."
ತಯಾರಕರು ಎಂಬ ಕಾಲಮ್ಮಿನಲ್ಲಿ ಏನು ಬರೆಯಲಿ?
ಪೆನ್ಸಿಲಿನ ಚುಕ್ಕಿಯಿಟ್ಟು ಮುಂದೆ ಹೋದೆ.

ಮಾರ್ಕ್ಸಿನ ಹಾಳೆ ತೆಗೆದೆವು.
ಬಿಚ್ಚುವುದಕ್ಕೆ ಹದಿನೈದು, ಅಳತೆಗೆ ಹತ್ತು,
ಚಿತ್ರಕ್ಕೆ ಹದಿನೈದು, ವರದಿಗೆ ಹತ್ತು.
ಮತ್ತೆ ಕೂಡಿಸುವುದಕ್ಕೆ?
ಹಾಳೆ ಮಗುಚಿದೆವು. ಹಿಂದೆ
ಅರಿಸಿನದ ಕಲೆ, ಅಷ್ಟೆ.

ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದರು.
ಕತ್ತರಿಯನ್ನು ಎತ್ತಿದ್ದು ಎಡಗೈಯಲ್ಲಿ
(ಅದನ್ನೂ ಬರೆದುಕೊಂಡೆ, ಯಾವ ಕಾಲಮ್ಮೋ ಗೊತ್ತಿಲ್ಲ),
ಬರಿಗಾಳಿಯನ್ನು ಎರಡು ಸಲ ಕತ್ತರಿಸಿದರು.
"ಬಿಚ್ಚೋಕ್ ಮುಂಚೆ ಇದರ ಸದ್ದು ಕೇಳಿಸ್ಕಳಿ.
ಜೋಡ್ಸಿದ್ ಮ್ಯಾಲೆ ಇದೇ ಸದ್ದು ಬಂದ್ರೆ ಸರಿ.
ಬರ್ನಿಲ್ಲ ಅಂದ್ರೆ ಬಿಗಿ ಜಾಸ್ತಿ ಆಗದೆ ಅಂತ."
ಎಷ್ಟು ಟಾರ್ಕು ಎಂದು ಕೇಳಲು ಬಾಯಿ ತೆರೆದ ಜೋಯಲ್
ಒಂದು ತುತ್ತು ಚಿತ್ರಾನ್ನ ಹಾಕಿಕೊಂಡ.
ನಾನು ಫೋನು ಮುಂದೆ ಹಿಡಿದೆ: ಇನ್ನೊಂದ್ಸಲ, ಅಮ್ಮ.

ಈಗ ಹಾಸ್ಟೆಲು, ಹನ್ನೆರಡು ಹೊಡೆದಿದೆ.
ಯೋಜನೆಯ ಮೊದಲ ಸಾಲಿನ ಮೇಲೆ
ಇನ್ನೊಂದು ಸಾಲು ಸೇರಿಸಿ, ಸೊನ್ನೆ ಎಂದು ನಂಬರು ಕೊಟ್ಟು,
ಹನ್ನೊಂದು ಸೆಕೆಂಡಿನ ಆ ಸದ್ದನ್ನು ಮತ್ತೆ ಮತ್ತೆ ಹಾಕುತ್ತೇನೆ.
ಕನಕಪುರ ರಸ್ತೆಯ ಮೇಲೆ ಮೆಟ್ರೊ ಹೋಗುತ್ತದೆ,
ಯಾರೋ ಬೈಟೂ ಕಾಫಿ ಕೂಗುತ್ತಾರೆ,
ತಿಪ್ಪೇಶ ಕೆಮ್ಮುತ್ತಾನೆ, ಆ ಸಂದಿಯಲ್ಲಿ
ಚಕ್,
ಚಕ್.

ಪಕ್ಕದ ಮಂಚದ ಹೊದಿಕೆಯೊಳಗಿಂದ ರೂಮ್‌ಮೇಟು ರೇಗುತ್ತಾಳೆ:
ಯಾರೇ ಅದು, ಇಷ್ಟು ಹೊತ್ತಲ್ಲಿ
ಉಗುರು ಕತ್ತರಿಸ್ತಿರೋದು?